ಬೇಸಿಗೆ ರಜೆಯ ಕೊನೆಯ ಮೂರು ವಾರ: ಅಜ್ಜನಮನೆ, ಬಂಡಿಹಬ್ಬ, ಕಡಲತೀರ, ಜೊತೆಗೆ ಮನೆಯ ನಾಯಿ ಬೆಕ್ಕು

ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ಎರಡನೇ ವಾರ ಕಳೆಯಿತೆಂದರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ತುಂಬ ಒಂದೇ ಗಡಿಬಿಡಿ. ಹಲಸಿನ ಹಪ್ಪಳ ಒಣಗಬೇಕು, ಮುರುಗಲು (ಕೋಕಂ) ಸಿಪ್ಪೆ ಒಣಗಬೇಕು, ಕಟ್ಟಿಗೆ ಒಳಗೆ ಸೇರಬೇಕು. ಅದರ ನಡುವೆಯೇ ಮಕ್ಕಳನ್ನು ಅಜ್ಜನಮನೆಗೂ ಜಾತ್ರೆಗೂ ಕರೆದೊಯ್ಯಬೇಕು. ಜೂನ್ 1ಕ್ಕೆ ಯಾಂತ್ರಿಕ ದೋಣಿಗಳು ದಡ ಸೇರಿ, ಶಾಲೆ ಶುರುವಾಗಿ, ಮಳೆ ಹಿಡಿದರೆ ಮತ್ತೆ ಎಲ್ಲಿಗೂ ಹೊರಡಲಾಗುವುದಿಲ್ಲ. ಈ ಅವಸರದಲ್ಲಿ ಬಾಯಿಬಿಟ್ಟು ಹೇಳಲಾಗದೆ ತೊಂದರೆ ಪಡುವವು ಮನೆಯ ನಾಯಿ, ಬೆಕ್ಕು. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಯಾವ ದಿನ ಹೋಗುವುದು ಎನ್ನುವುದಕ್ಕಿಂತ ಮೊದಲು ಯಾವ ಹೊತ್ತಿಗೆ ಹೋಗುವುದು ಎನ್ನುವುದನ್ನು ಗೊತ್ತುಮಾಡಿಕೊಳ್ಳಿ.

ಕಾರವಾರದಲ್ಲಿ ಬಿಸಿಲು 34–35 ಡಿಗ್ರಿ ದಾಟುವುದೇ ಕಡಿಮೆ. ಆದರೂ ನಾಯಿ ಇಷ್ಟು ಏದುಸಿರು ಬಿಡುವುದೇಕೆ?

ಕಾರಣ ಬಿಸಿಲಲ್ಲ, ಸೆಕೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ, ಬಾಯಿ, ಗಂಟಲಿನ ತೇವ ಆರಿದಾಗಷ್ಟೇ ಅದರ ಮೈ ತಣ್ಣಗಾಗುತ್ತದೆ. ಮಳೆಗೆ ಮುಂಚಿನ ಕರಾವಳಿಯ ಗಾಳಿಯಲ್ಲಿ ಆಗಲೇ ನೀರಿನ ಪಸೆ ತುಂಬಿರುವುದರಿಂದ ಆ ತೇವ ಆರುವುದೇ ಇಲ್ಲ. ವಿಜಯಪುರದ 40 ಡಿಗ್ರಿ ಒಣ ಬಿಸಿಲಿನ ನೆರಳಲ್ಲಿ ಮಲಗಿದ ನಾಯಿಗಿಂತ ಅಂಕೋಲೆಯ 33 ಡಿಗ್ರಿ ಸೆಕೆಯಲ್ಲಿ ಓಡಿದ ನಾಯಿಗೆ ಅಪಾಯ ಹೆಚ್ಚಿರಬಹುದು. ಗಿಡ್ಡ ಮೂತಿಯ ಪಗ್, ದಪ್ಪ ತುಪ್ಪಳದ ಜರ್ಮನ್ ಶೆಫರ್ಡ್, ಮೈ ಬೆಳೆಸಿಕೊಂಡ ಲ್ಯಾಬ್ರಡಾರ್, ಮುದಿ ನಾಯಿ: ಇವುಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಊರನಾಯಿ ಸ್ವಲ್ಪ ತಡೆಯುತ್ತದೆ, ಆದರೆ ಅದಕ್ಕೂ ಮಿತಿ ಇದೆ.

ತಿರುಗಾಟ ಬೆಳಿಗ್ಗೆ 7ರ ಒಳಗೆ, ಸಂಜೆ 6ರ ನಂತರ. ಡಾಂಬರು ರಸ್ತೆಗೋ ಮರಳಿಗೋ ನಿಮ್ಮ ಮುಂಗೈಯ ಹಿಂಭಾಗ ಒತ್ತಿ 5 ಸೆಕೆಂಡು ಇಡಿ. ನಿಮಗೆ ಇಡಲಾಗದಿದ್ದರೆ ನಾಯಿಯ ಅಂಗಾಲೂ ಸುಡುತ್ತದೆ. ಲ್ಯಾಬ್ರಡಾರ್, ಶೆಫರ್ಡ್‌ಗಳ ತುಪ್ಪಳವನ್ನು ಪೂರ್ತಿ ಬೋಳಿಸಬೇಡಿ. ಮೇಲ್ಪದರ ಬಿಸಿಲನ್ನು ತಡೆಯುತ್ತದೆ. ದಿನಾ ಬಾಚಿ ಒಳಗಿನ ಸಡಿಲ ಕೂದಲು ತೆಗೆದರೆ ಸಾಕು.

ಸೆಕೆ ಬಡಿದಿದೆ ಎಂದು ತಿಳಿಯುವುದು ಹೇಗೆ? ಕೂಡಲೇ ಏನು ಮಾಡಬೇಕು?

ನಾಯಿಯ ಮಾಮೂಲಿ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 40 ದಾಟಿ 41ರತ್ತ ಹೋದರೆ ಒಳಗಿನ ಅಂಗಗಳಿಗೇ ಪೆಟ್ಟು. ಗುರುತುಗಳು: ನಿಲ್ಲದ ಏದುಸಿರು, ಅಂಟಂಟಾದ ಜೊಲ್ಲು, ಕಡುಗೆಂಪು ವಸಡು, ತೂರಾಡುವ ನಡಿಗೆ, ವಾಂತಿ ಅಥವಾ ಭೇದಿ, ಕೊನೆಗೆ ಕುಸಿದು ಬೀಳುವುದು. ತೂರಾಟ ಕಂಡ ಮೇಲೆ ಕಾಯಬೇಡಿ.

ನೆರಳಿಗೆ ತಂದು ಹೊಟ್ಟೆ, ಕಂಕುಳು, ತೊಡೆಯ ಸಂದು, ಪಾದಗಳಿಗೆ ಬಾವಿಯ ನೀರನ್ನು ಎಡೆಬಿಡದೆ ಸುರಿಯಿರಿ. ಜೊತೆಗೆ ಫ್ಯಾನ್ ಹಾಕಿ, ಇಲ್ಲವೇ ಬೀಸಣಿಗೆಯಿಂದ ಬೀಸಿ. ನೀರು ಮತ್ತು ಗಾಳಿ ಎರಡೂ ಸೇರಿದರೇ ಬಿಸಿ ಇಳಿಯುವುದು. ಒದ್ದೆ ಗೋಣಿ ಹೊದೆಸಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಐದು ನಿಮಿಷದಲ್ಲಿ ಆ ಗೋಣಿ ಬಿಸಿಯಾಗಿ, ಗಾಳಿಯನ್ನೂ ತಡೆದು, ಕಂಬಳಿಯಂತಾಗುತ್ತದೆ. ಪ್ರಜ್ಞೆ ಇದ್ದರೆ ನೀರು ಕುಡಿಯಲು ಇಡಿ, ಬಾಯಿಗೆ ಒತ್ತಾಯದಿಂದ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋದರೆ ಇನ್ನೊಂದು ಆಪತ್ತು. ಸುಧಾರಿಸಿದಂತೆ ಕಂಡರೂ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಮೂತ್ರಪಿಂಡದ ತೊಂದರೆ ಒಂದೆರಡು ದಿನ ತಡವಾಗಿ ಕಾಣಿಸಿಕೊಳ್ಳುವುದುಂಟು. ರಾಜ್ಯದಲ್ಲಿ ಸಂಚಾರಿ ಪಶು ಚಿಕಿತ್ಸೆಗೆ ಸಹಾಯವಾಣಿ 1962. ಈ ಸಂಖ್ಯೆಯನ್ನು ಮನೆಯ ಎಲ್ಲರ ಫೋನಿನಲ್ಲೂ ಬರೆದಿಡಿ.

ದಿನಕ್ಕೆ ಎಷ್ಟು ನೀರು ಬೇಕು? ಅನ್ನ ಎಷ್ಟು ಹೊತ್ತು ಇಡಬಹುದು?

ನಾಯಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿ ಲೀಟರ್ ಎಂಬುದು ಸಾಮಾನ್ಯ ಲೆಕ್ಕ. 20 ಕಿಲೋ ನಾಯಿಗೆ 1ರಿಂದ 1.2 ಲೀಟರ್. ಸೆಕೆಯ ದಿನ ಅದರ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಕುಡಿದರೂ ಆಶ್ಚರ್ಯವಿಲ್ಲ. ಮಣ್ಣಿನ ಅಗಲ ಪಾತ್ರೆ ಒಳ್ಳೆಯದು, ನೀರು ತಣ್ಣಗಿರುತ್ತದೆ. ದಿನಕ್ಕೆರಡು ಸಲ ತಿಕ್ಕಿ ತೊಳೆಯಿರಿ. ಬೆಕ್ಕು ಕಡಿಮೆ ಕುಡಿಯುವ ಪ್ರಾಣಿ. ಅದರ ಮೀನು–ಅನ್ನಕ್ಕೆ ಎರಡು ಚಮಚ ನೀರು ಹೆಚ್ಚು ಬೆರೆಸಿ.

ಮೀನು ಕಲಸಿದ ಅನ್ನ ಮೇ ತಿಂಗಳಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. ಬೆಳಿಗ್ಗೆ ಹಾಕಿದ್ದನ್ನು ಮಧ್ಯಾಹ್ನ ತಿಂದ ನಾಯಿಗೆ ರಾತ್ರಿ ಭೇದಿ ಹತ್ತುವುದು ಹೀಗೆ. ಇರುವೆ ಬರದಂತೆ ಊಟದ ತಟ್ಟೆಯನ್ನು ನೀರು ತುಂಬಿದ ದೊಡ್ಡ ತಟ್ಟೆಯೊಳಗೆ ಇಡಿ.

ಪೇಟೆಯಲ್ಲಿ ಐದೇ ನಿಮಿಷದ ಕೆಲಸ. ನಾಯಿಯನ್ನು ಕಾರಿನಲ್ಲೇ ಬಿಟ್ಟು ಹೋಗಬಹುದೇ?

ಬೇಡ. ನಿಂತ ಕಾರಿನೊಳಗೆ 10 ನಿಮಿಷದಲ್ಲಿ ಸುಮಾರು 10 ಡಿಗ್ರಿ, ಅರ್ಧ ಗಂಟೆಯಲ್ಲಿ 19–20 ಡಿಗ್ರಿ ಏರುತ್ತದೆ. ಹೊರಗೆ 33 ಇದ್ದರೆ ಮೀನುಪೇಟೆಯ ಸಾಲಿನಲ್ಲಿ ನೀವು ನಿಂತಿರುವಷ್ಟರಲ್ಲಿ ಒಳಗೆ 43. ಕಿಟಕಿ ಎರಡು ಬೆರಳು ತೆರೆದಿಟ್ಟರೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಮಕ್ಕಳ ವಿಷಯಕ್ಕೂ ಇದೇ ಮಾತು.

ಕುಮಟಾದಿಂದ ಶಿರಸಿಗೆ ಘಟ್ಟ ಹತ್ತುವಾಗ ಮಕ್ಕಳೂ ನಾಯಿಯೂ ವಾಂತಿ ಮಾಡುತ್ತಾರೆ. ಏನು ಮಾಡುವುದು?

ದೇವಿಮನೆ ಘಟ್ಟದ ತಿರುವುಗಳಲ್ಲಿ ಕಣ್ಣಿಗೆ ಕಾಣುವುದೊಂದು, ಕಿವಿಯೊಳಗಿನ ಸಮತೋಲದ ಅಂಗ ಹೇಳುವುದು ಇನ್ನೊಂದು. ಆ ಗೊಂದಲವೇ ವಾಂತಿಗೆ ಕಾರಣ. ಆದ್ದರಿಂದ ಮಕ್ಕಳ ಕೈಯಲ್ಲಿ ಮೊಬೈಲ್ ಬೇಡ, ದೂರದ ರಸ್ತೆ ನೋಡುವಂತೆ ಕೂರಿಸಿ. ಹೊರಡುವ ಒಂದೂವರೆ ಗಂಟೆ ಮುಂಚೆ ಎರಡು ತೆಳ್ಳೇವು ಅಥವಾ ಇಡ್ಲಿ, ಅಷ್ಟೇ. ಪೂರ್ತಿ ಖಾಲಿ ಹೊಟ್ಟೆಯೂ ಮಕ್ಕಳಿಗೆ ಆಗದು. ಬಾಯಲ್ಲಿ ಶುಂಠಿ ಚೂರು, ಕುಡಿಯಲು ಉಪ್ಪು ಬೆರೆಸಿದ ಮುರುಗಲು ಪಾನಕ ಗುಟುಕು ಗುಟುಕಾಗಿ.

ನಾಯಿಯ ಲೆಕ್ಕ ಬೇರೆ. ಅದಕ್ಕೆ ಹೊರಡುವ ಮುನ್ನ 4 ಗಂಟೆ ಊಟ ಕೊಡಬೇಡಿ, ನೀರು ಮಾತ್ರ ಸ್ವಲ್ಪ ಸ್ವಲ್ಪ. ಹಿಂದಿನ ಸೀಟಿನಲ್ಲಿ ಎದೆಪಟ್ಟಿ ಹಾಕಿ ಸೀಟ್‌ಬೆಲ್ಟಿಗೆ ಸಿಕ್ಕಿಸಿ. ಕುತ್ತಿಗೆ ಪಟ್ಟಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಕುತ್ತಿಗೆಗೇ ಎಳೆತ. ಕಿಟಕಿಯಿಂದ ತಲೆ ಹೊರಹಾಕಲು ಬಿಡಬೇಡಿ. ಘಟ್ಟದ ರಸ್ತೆಯಲ್ಲಿ ಎದುರಿನ ಲಾರಿ ಒಂದು ಗೇಣಿನ ಅಂತರದಲ್ಲಿ ಹಾದುಹೋಗುತ್ತದೆ. ಜೊಲ್ಲು ಸುರಿಯುವುದು, ತುಟಿ ನೆಕ್ಕುವುದು, ಪದೇ ಪದೇ ಆಕಳಿಸುವುದು ವಾಂತಿಯ ಮುನ್ಸೂಚನೆ. ಅಗಲವಾದ ಜಾಗ ನೋಡಿ ನಿಲ್ಲಿಸಿ, ಬಾಗಿಲು ತೆರೆಯುವ ಮೊದಲು ಹಗ್ಗ ಹಿಡಿದುಕೊಳ್ಳಿ. ಪ್ರತಿ ಸಲ ಹೀಗಾಗುವ ನಾಯಿಗೆ ಪಶುವೈದ್ಯರು ತೂಕ ನೋಡಿ ಮಾತ್ರೆ ಬರೆದುಕೊಡುತ್ತಾರೆ. ಮನುಷ್ಯರ ಮಾತ್ರೆ ಅಂದಾಜಿಗೆ ಕೊಡಬೇಡಿ. ಅದರಲ್ಲೂ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ, ಐಬುಪ್ರೊಫೆನ್ ನಾಯಿಗೆ ವಿಷ.

ಕುಮಟಾ–ಶಿರಸಿ ರಸ್ತೆ ಅಗಲೀಕರಣದ ಕೆಲಸಕ್ಕಾಗಿ ಆಗಾಗ ಮುಚ್ಚಿದ್ದಿದೆ. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳಿ. ಮುಚ್ಚಿದ್ದರೆ ಕಾರವಾರದ ಕಡೆಯವರಿಗೆ ಅಂಕೋಲಾ–ಅರಬೈಲ್ ಘಟ್ಟ–ಯಲ್ಲಾಪುರದ ದಾರಿ, ದಕ್ಷಿಣದವರಿಗೆ ಹೊನ್ನಾವರ–ಗೇರುಸೊಪ್ಪ–ಮಾವಿನಗುಂಡಿ–ಸಿದ್ದಾಪುರದ ದಾರಿ ಇದೆ. ಮಧ್ಯಾಹ್ನ 3ರ ನಂತರ ಘಟ್ಟದ ಮೇಲೆ ಗುಡುಗು ಮಳೆ ಕಟ್ಟುವ ತಿಂಗಳಿದು. ಬೆಳಿಗ್ಗೆ 6ಕ್ಕೆ ಹೊರಟರೆ ಸೆಕೆಯೂ ತಪ್ಪುತ್ತದೆ, ಮಳೆಯೂ ತಪ್ಪುತ್ತದೆ.

ಬಸ್ಸಿನಲ್ಲಿ, ರೈಲಿನಲ್ಲಿ ನಾಯಿಯನ್ನು ಒಯ್ಯಲಾಗುತ್ತದೆಯೇ?

ರೈಲಿನಲ್ಲಿ ಎರಡು ದಾರಿ. ಫಸ್ಟ್ ಎಸಿಯಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿ ನಿಮ್ಮ ಕುಟುಂಬವೇ ಕಾಯ್ದಿರಿಸಿದರೆ ನಾಯಿ ನಿಮ್ಮೊಂದಿಗೇ ಬರಬಹುದು. ಇಲ್ಲವಾದರೆ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆ. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರ್‌ಗಳಲ್ಲಿ ನಾಯಿಗೆ ಅವಕಾಶವಿಲ್ಲ. ಹೇಗೆ ಒಯ್ದರೂ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ಬುಕ್ ಮಾಡಬೇಕು. ಲಸಿಕೆ ಪುಸ್ತಕ, ಪಶುವೈದ್ಯರ ಆರೋಗ್ಯ ಪತ್ರ ಕೈಯಲ್ಲಿರಲಿ. ಮೇ ತಿಂಗಳ ಹಗಲಿನಲ್ಲಿ ನಾಯಿಪೆಟ್ಟಿಗೆಯೊಳಗೆ ಕಳಿಸುವುದನ್ನು ನಾವು ಒಪ್ಪುವುದಿಲ್ಲ. ಅದು ಬಿಸಿ ಹಿಡಿದ ಕಬ್ಬಿಣದ ಗೂಡು, ನೀರು ಇಟ್ಟರೂ ಚೆಲ್ಲಿಹೋಗುತ್ತದೆ. ಕಳಿಸಲೇಬೇಕಾದರೆ ರಾತ್ರಿಯ ರೈಲು ನೋಡಿ. ಕೊಂಕಣ ರೈಲ್ವೆಯಲ್ಲಿ ಮಳೆಗಾಲದ ವೇಳಾಪಟ್ಟಿ ಬೇರೆ ಇರುತ್ತದೆ ಎಂಬುದನ್ನೂ ಮರೆಯಬೇಡಿ. 2025ರಲ್ಲಿ ಅದು ಜೂನ್ 15ರಿಂದ ಜಾರಿಗೆ ಬಂತು. ಹೋಗುವ ಟಿಕೆಟ್ ಮೇ ಕೊನೆಗೆ, ಬರುವ ಟಿಕೆಟ್ ಜೂನ್ ನಡುವಿಗೆ ಇದ್ದರೆ ಸಮಯ ಮತ್ತೊಮ್ಮೆ ನೋಡಿಕೊಳ್ಳಿ.

ಸಾರಿಗೆ ಬಸ್ಸಿನಲ್ಲಿ ಪ್ರಾಣಿಗೆ ಪ್ರತ್ಯೇಕ ಟಿಕೆಟ್ ಬೇಕಾಗುತ್ತದೆ. ಹತ್ತುವ ಮೊದಲು ಕಂಡಕ್ಟರನ್ನು ಕೇಳಿ. ನೂಕುನುಗ್ಗಲಿನ ಬಸ್ಸಿಗೆ ನಾಯಿ ಬೇಡ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ ಉಚಿತ. ಆದರೆ ರಾಜ್ಯದೊಳಗೆ ಮಾತ್ರ, ಕಾರವಾರದಿಂದ ಮಡಗಾಂವಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಅನ್ವಯಿಸದು.

ನಾಲ್ಕು ದಿನ ಅಜ್ಜನಮನೆಗೆ. ಬೆಕ್ಕನ್ನು ಒಯ್ಯುವುದೋ ಬಿಡುವುದೋ?

ಬಿಡುವುದೇ ಒಳ್ಳೆಯದು. ನಾಯಿಗೆ ನಂಟು ಮನುಷ್ಯರೊಂದಿಗೆ, ಬೆಕ್ಕಿಗೆ ಜಾಗದೊಂದಿಗೆ. ಹೊಸ ಊರಿನಲ್ಲಿ ಅಂಗಳ ದಾಟಿದ ಬೆಕ್ಕು ಬೆದರಿ ತೋಟ ಸೇರಿದರೆ ಸಿಗುವುದು ಕಷ್ಟ. ನೆರೆಮನೆಯವರು ದಿನಕ್ಕೆರಡು ಸಲ ಬಂದು ಊಟ ಹಾಕಿ, ನೀರು ಬದಲಿಸಿ, ಬೆಕ್ಕನ್ನು ಕಣ್ಣಾರೆ ಕಂಡು ಹೋಗಬೇಕು. ನಾಲ್ಕು ದಿನದ್ದನ್ನು ಒಮ್ಮೆಗೇ ಸುರಿದಿಟ್ಟು ಹೋಗುವುದು ಊಟ ಕೊಟ್ಟಂತಲ್ಲ. ಗಂಡು ಬೆಕ್ಕು ಉಚ್ಚೆಗೆ ತಿಣುಕುತ್ತಿದ್ದರೆ ಅದು ಗಂಟೆಗಳ ಲೆಕ್ಕದ ತುರ್ತು ಎಂದು ಅವರಿಗೆ ಹೇಳಿಹೋಗಿ.

ನಾಯಿಯನ್ನು ಅಜ್ಜನಮನೆಗೆ ಕರೆದೊಯ್ದರೆ ಮೊದಲ ದಿನ ಹಗ್ಗದಲ್ಲೇ ತಿರುಗಿಸಿ. ಕೊಟ್ಟಿಗೆಯ ದನ, ಅಂಗಳದ ಕೋಳಿ, ಅಲ್ಲಿನ ನಾಯಿ ಇವೆಲ್ಲ ಅದಕ್ಕೆ ಹೊಸತು. ಎರಡು ನಾಯಿಗಳ ಭೇಟಿ ಮನೆಬಾಗಿಲಲ್ಲಿ ಬೇಡ, ಗದ್ದೆಬಯಲಿನಲ್ಲಿ ಮಾಡಿಸಿ. ಆವರಣವಿಲ್ಲದ ಬಾವಿ ಇದ್ದರೆ ಕತ್ತಲಾದ ಮೇಲೆ ಬಿಡಲೇಬೇಡಿ.

ಮೇ ಕೊನೆಯಲ್ಲಿ ಯಾವ ಜಾಗಕ್ಕೆ ಹೋದರೆ ಚೆಂದ?

ಜಲಪಾತಗಳ ಹೊತ್ತಲ್ಲ ಇದು. 116 ಮೀಟರ್ ಎತ್ತರದ ಉಂಚಳ್ಳಿಯಲ್ಲೂ ಈಗ ನೀರು ಸಣ್ಣದಾಗಿರುತ್ತದೆ. ಸಹಸ್ರಲಿಂಗಕ್ಕೆ ಮಾತ್ರ ಇದೇ ಸರಿಯಾದ ಕಾಲ. ಶಾಲ್ಮಲಾ ಹೊಳೆ ಇಳಿದಾಗಲೇ ಬಂಡೆಗಳ ಮೇಲಿನ ಲಿಂಗಗಳು, ನಂದಿಗಳು ಪೂರ್ತಿ ಕಾಣುವುದು. ಮಳೆ ಹಿಡಿದ ಮೇಲೆ ಅವು ನೀರಿನಡಿಗೆ. ಪಾಚಿ ಒಣಗಿರುವುದರಿಂದ ಕಾಲೂ ಜಾರದು. ಆದರೂ ಹೊಂಡಗಳ ಹತ್ತಿರ ಮಕ್ಕಳ ಕೈ ಬಿಡಬೇಡಿ, ಮೇಲೆಲ್ಲೋ ಮಳೆಯಾಗಿ ನೀರಿನ ಬಣ್ಣ ಕೆಂಪಾದರೆ ತಕ್ಷಣ ಮೇಲೆ ಬನ್ನಿ. ಬನವಾಸಿಯ ಮಧುಕೇಶ್ವರನನ್ನು ನೋಡಲು ಬೆಳಿಗ್ಗೆ 9ರ ಒಳಗೆ ಹೋಗಿ, ಆಮೇಲೆ ಕಲ್ಲುಹಾಸು ಅಂಗಾಲು ಸುಡುತ್ತದೆ. ಯಾಣಕ್ಕೆ ನಾಯಿ ಬೇಡ: ದೇವಸ್ಥಾನ, ಮಂಗಗಳು, ಹೆಜ್ಜೇನು ಎಲ್ಲ ಅಲ್ಲಿವೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಕ್ಕೂ ನಾಯಿಯನ್ನು ಒಯ್ಯಬಾರದು.

ಕಾರವಾರದ ಟ್ಯಾಗೋರ್ ಕಡಲತೀರಕ್ಕೆ, ಗೋಕರ್ಣಕ್ಕೆ ನಾಯಿಯೊಂದಿಗೆ ಹೋಗುವಾಗ ಏನು ನೋಡಿಕೊಳ್ಳಬೇಕು?

ಈ ತಿಂಗಳಿಗೇ ಸೇರಿದ ನಾಲ್ಕು ತೊಂದರೆಗಳಿವೆ.

ಮೊದಲನೆಯದು ಡಾಂಬರಿನ ಉಂಡೆ. ಮಳೆಗಾಲಕ್ಕೆ ಮುಂಚೆ ಗಾಳಿ ಪಡುವಣದಿಂದ ಬೀಸತೊಡಗಿದಾಗ ಸಮುದ್ರದಲ್ಲಿ ಚೆಲ್ಲಿದ ಎಣ್ಣೆ ಕಪ್ಪು ಉಂಡೆಗಳಾಗಿ ದಡ ಸೇರುತ್ತದೆ. ಮಕ್ಕಳ ಅಂಗಾಲಿಗೂ ನಾಯಿಯ ಬೆರಳ ಸಂದಿಗೂ ಅಂಟಿಕೊಂಡರೆ ಸಾಬೂನಿಗೆ ಹೋಗದು. ತೆಂಗಿನೆಣ್ಣೆ ಹಚ್ಚಿ 5 ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನು. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಬೇಡಿ. ಚರ್ಮ ಸುಡುತ್ತದೆ, ನಾಯಿ ಅದನ್ನೇ ನೆಕ್ಕುತ್ತದೆ.

ಎರಡನೆಯದು ಬಲೆಯಿಂದ ಕೊಡವಿ ಬಿಸಾಡಿದ ಮೀನು. ಅದರಲ್ಲಿ ಹೊಟ್ಟೆ ಉಬ್ಬಿದ, ಹಲ್ಲಿನ ಮೀನು ಇದ್ದರೆ ಅದರ ವಿಷ ನರಗಳನ್ನೇ ಹಿಡಿಯುತ್ತದೆ. ದಡಕ್ಕೆ ಬಲೆ ಎಳೆದ ಜಾಗದಲ್ಲಿ ನಾಯಿಯ ಹಗ್ಗ ಬಿಚ್ಚಬೇಡಿ.

ಮೂರನೆಯದು ಉಪ್ಪುನೀರು. ಬಾಯಾರಿದ ನಾಯಿ ಅಲೆಯ ನೀರನ್ನೇ ಕುಡಿಯುತ್ತದೆ, ಮನೆಗೆ ಬಂದು ವಾಂತಿ, ಭೇದಿ. ಎರಡು ಲೀಟರ್ ಸಿಹಿನೀರು, ಒಂದು ತಟ್ಟೆ ಒಯ್ದು ಪ್ರತಿ 15 ನಿಮಿಷಕ್ಕೆ ಕುಡಿಸಿ. ಹೊರಡುವ ಮುನ್ನ ಕಿವಿ, ಹೊಟ್ಟೆ, ಪಾದ ಸಿಹಿನೀರಿನಲ್ಲಿ ತೊಳೆದು ಒರೆಸಿ.

ನಾಲ್ಕನೆಯದೇ ದೊಡ್ಡದು, ಅಲೆ. ಮೇ ಕೊನೆಯ ಸಮುದ್ರ ಜನವರಿಯ ಸಮುದ್ರವಲ್ಲ. ಎರಡು ಅಲೆಸಾಲುಗಳ ನಡುವೆ ನೊರೆಯಿಲ್ಲದೆ ಶಾಂತವಾಗಿ, ಸ್ವಲ್ಪ ಕಂದಾಗಿ ಕಾಣುವ ಪಟ್ಟೆಯೇ ಸಮುದ್ರದೊಳಕ್ಕೆ ಎಳೆಯುವ ಸೆಳೆತ. ಅಲ್ಲೇ ಆಡಲು ಹಿತ ಎಂದು ಹೊರಗಿನವರು ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದತ್ತ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ಕೆಂಪು ಬಾವುಟ ಇದ್ದರೆ ಮೊಣಕಾಲು ನೀರಿಗೂ ಇಳಿಯುವುದು ಬೇಡ. ನಾಯಿಯನ್ನು ಉಳಿಸಲು ನೀರಿಗೆ ಹಾರಿದವರೇ ಮುಳುಗುವುದುಂಟು. ಅದನ್ನು ಹಗ್ಗದಲ್ಲಿಟ್ಟುಕೊಂಡರೆ ಆ ಹೊತ್ತೇ ಬಾರದು.

ಊರದೇವತೆಯ ಬಂಡಿಹಬ್ಬಕ್ಕೆ, ಜಾತ್ರೆಗೆ ನಾಯಿಯನ್ನು ಒಯ್ಯಬಹುದೇ?

ಇಲ್ಲ. ಡೋಲು, ಪಟಾಕಿ, ಕಾಲ್ತುಳಿತ, ನೆಲದ ಮೇಲೆ ಬಿದ್ದ ಮೂಳೆ, ಬೀದಿನಾಯಿಗಳ ಜಗಳ. ಅದಕ್ಕೆ ಅಲ್ಲಿ ಸಂತೋಷದ್ದು ಏನೂ ಇಲ್ಲ.

ಹಾಗಾದರೆ ಮಕ್ಕಳೊಂದಿಗೆ ಹೋಗಲು ತಯಾರಿ ಹೇಗೆ?

ಶಿರಸಿ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಬೇಸಿಗೆಯ ಬಾಗಿಲಲ್ಲಿ. ಕರಾವಳಿಯ ಬಂಡಿಹಬ್ಬಗಳು ಒಂದೊಂದು ಊರಿಗೆ ಒಂದೊಂದು ತಿಥಿ, ಅಂಕೋಲೆಯ ಶಾಂತಾದುರ್ಗೆಯದು ವೈಶಾಖದಲ್ಲಿ. ಎಲ್ಲಿಗೆ ಹೋದರೂ ಸಂಜೆ 5ಕ್ಕೆ ತಲುಪಿ ದೇವರ ದರ್ಶನ ಮೊದಲು ಮುಗಿಸಿ, ಪೇಟೆ ಆಮೇಲೆ. ರಾತ್ರಿ 8ರ ನಂತರ ನೂಕುನುಗ್ಗಲು.

ಮಗುವಿನ ಮುಂಗೈ ಒಳಭಾಗದಲ್ಲಿ ಬಾಲ್‌ಪೆನ್ನಿನಿಂದ ಫೋನ್ ಸಂಖ್ಯೆ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ, ಇಲ್ಲದಿದ್ದರೆ ಬೆವರಿಗೆ ಅಳಿಸುತ್ತದೆ. ಹೊರಡುವಾಗಲೇ ಮಗುವಿನ ಒಂದು ಫೋಟೋ ತೆಗೆದಿಡಿ. ಯಾವ ಬಣ್ಣದ ಅಂಗಿ ಹಾಕಿದ್ದೆವು ಎನ್ನುವುದು ಗಾಬರಿಯಲ್ಲಿ ನೆನಪಾಗುವುದಿಲ್ಲ. ತಪ್ಪಿಸಿಕೊಂಡರೆ ‘ಇದ್ದಲ್ಲೇ ನಿಲ್ಲು, ಅಂಗಡಿಯ ಒಳಗಿರುವ ಅಕ್ಕನಿಗೋ ಪೊಲೀಸರಿಗೋ ಹೇಳು’ ಎಂದು ಹೇಳಿಕೊಡಿ. ತುರ್ತಿಗೆ 112, ಮಕ್ಕಳ ಸಹಾಯವಾಣಿ 1098.

ತೊಟ್ಟಿಲು ಹತ್ತಿಸುವ ಮುನ್ನ ಒಂದು ಸುತ್ತು ಸುಮ್ಮನೆ ನಿಂತು ನೋಡಿ. ಪ್ರತಿ ಬುಟ್ಟಿಗೂ ಬಾಗಿಲಿನ ಸರಪಣಿಯ ಜೊತೆಗೆ ಕೀಲು ಇದೆಯೇ, ಬುಡದ ಮರದ ದಿಮ್ಮಿ ಅಲುಗುತ್ತಿದೆಯೇ, ನಿಲ್ಲಿಸುವವನು ಹತ್ತಿರವೇ ಇದ್ದಾನೆಯೇ. ಗಾಳಿ ಎದ್ದರೆ, ದೂರದಲ್ಲಿ ಮಿಂಚು ಕಂಡರೆ ಟಿಕೆಟಿನ ದುಡ್ಡು ಹೋದರೂ ಸರಿ, ಹತ್ತಬೇಡಿ.

ತಿನ್ನಲು ಖಾಜೆ, ಬತ್ತಾಸು, ಮಂಡಕ್ಕಿಯಂಥ ಒಣ ತಿನಿಸು ಸುರಕ್ಷಿತ. ಕತ್ತರಿಸಿಟ್ಟ ಕಲ್ಲಂಗಡಿ, ಬಿಡಿ ಐಸ್ ಹಾಕಿದ ಶರಬತ್ತು ಬೇಡ. ಕಡುಗೆಂಪು ಗೋಬಿ ಮಂಚೂರಿ, ಗುಲಾಬಿ ಬೊಂಬಾಯಿ ಮಿಠಾಯಿಗಳ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲೇ ನಿಷೇಧಿಸಿದೆ, ಬಿಳಿಯದನ್ನೇ ಕೇಳಿ ಕೊಳ್ಳಿ. ಹೊಟ್ಟೆ ಕೆಟ್ಟರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇಲ್ಲಿ ಚಮಚ ಎಂದರೆ ಟೀ ಚಮಚ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಜಾತ್ರೆಯಲ್ಲಿ ಬಣ್ಣದ ಕೋಳಿಮರಿ, ಗಿಣಿಮರಿ ಬೇಕೆಂದು ಮಗು ಹಟ ಹಿಡಿದರೆ?

ಗಿಣಿಗೆ ಸ್ಪಷ್ಟವಾಗಿ ಇಲ್ಲ ಎನ್ನಿ. ನಮ್ಮ ಕೆಂಪುಕೊರಳ ಗಿಣಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಕ್ಷತ್ರ ಆಮೆಯೂ ಹಾಗೆಯೇ. ಪಂಜರದ ಬಜ್ರಿ ಹಕ್ಕಿಗಳು ಹೊರದೇಶದವು, ಅವಕ್ಕೆ ಈ ನಿಷೇಧವಿಲ್ಲ.

ಬಣ್ಣದ ಮರಿಗಳು ಮೊಟ್ಟೆಗಾಗಿ ಸಾಕುವ ತಳಿಯ ಬೇಡದ ಗಂಡುಮರಿಗಳು. ಮೊದಲ ವಾರ ಅವಕ್ಕೆ ಸುಮಾರು 35 ಡಿಗ್ರಿ ಬೆಚ್ಚಗೆ ಬೇಕು. ತಾಯಿಯಿಲ್ಲದೆ ಜಾತ್ರೆಪೇಟೆಯ ಬುಟ್ಟಿಯಲ್ಲಿ ಎರಡು ರಾತ್ರಿ ಕಳೆದ ಮರಿ ಮನೆಗೆ ಬರುವಾಗಲೇ ಸೋತಿರುತ್ತದೆ. ಮೂರನೇ ದಿನ ಅದು ಸತ್ತರೆ ಅಳುವುದು ಮಗುವೇ. ಕೊಳ್ಳಬೇಡಿ ಎಂಬುದೇ ನಮ್ಮ ಮಾತು.

ಕೊಂಡಾಗಿದ್ದರೆ ಅದನ್ನು ಬದುಕಿಸಲು ಮನಸ್ಸಿಟ್ಟು ಪ್ರಯತ್ನಿಸಿ. ರಟ್ಟಿನ ಪೆಟ್ಟಿಗೆಗೆ ಭತ್ತದ ಹೊಟ್ಟು ಹಾಸಿ. ವೃತ್ತಪತ್ರಿಕೆ ಹಾಸಿದರೆ ಜಾರಿ ಕಾಲು ಅಗಲಿಸಿಕೊಳ್ಳುತ್ತವೆ. 40 ಅಥವಾ 60 ವ್ಯಾಟಿನ ಹಳೆಯ ಕಾಲದ ಬಲ್ಬನ್ನು ಪೆಟ್ಟಿಗೆಯ ಒಂದು ಮೂಲೆಯಲ್ಲಿ ತೂಗಿಸಿ, ಎಲ್ಇಡಿ ಬಿಸಿ ಕೊಡದು. ಮರಿಗಳು ದೀಪದಡಿ ಮುದ್ದೆಯಾದರೆ ಚಳಿ, ಬಲ್ಬು ಇಳಿಸಿ. ದೂರ ಹೋಗಿ ಬಾಯಿ ತೆರೆದರೆ ಸೆಕೆ, ಏರಿಸಿ. ವಾರಕ್ಕೆ 3 ಡಿಗ್ರಿಯಂತೆ ಬಿಸಿ ಕಡಿಮೆ ಮಾಡಿ. ನೀರಿನ ತಟ್ಟೆಯಲ್ಲಿ ಕಲ್ಲುಹರಳು ಹಾಕಿ, ಇಲ್ಲವಾದರೆ ಮುಳುಗುತ್ತವೆ. ನುಚ್ಚಕ್ಕಿ ಮಾತ್ರ ಸಾಲದು, ಮರಿಗಳ ಆಹಾರವೆಂದೇ ಮಾರುವ ಹಿಂಡಿ ತನ್ನಿ. ಮುಟ್ಟಿದ ಮೇಲೆ ಮಕ್ಕಳು ಸಾಬೂನಿನಿಂದ ಕೈ ತೊಳೆಯಲೇಬೇಕು.

ಮಾವು, ಹಲಸಿನ ಕಾಲ. ನಾಯಿಗೆ ಕೊಡಬಹುದೇ?

ಕರಿ ಈಶಾಡು ಮಾವಿನ ತಿರುಳು ಎರಡು ಚೂರು ಕೊಟ್ಟರೆ ತೊಂದರೆಯಿಲ್ಲ. ಗೊರಟೆ ಮಾತ್ರ ಬೇಡವೇ ಬೇಡ. ರುಚಿಗೆ ನೆಕ್ಕುತ್ತ ನುಂಗಿದರೆ ಅದು ಕರುಳಿನಲ್ಲಿ ಸಿಕ್ಕಿ ಹಾಕಿಕೊಳ್ಳುತ್ತದೆ, ಶಸ್ತ್ರಚಿಕಿತ್ಸೆಯೇ ದಾರಿ. ನಾಯಿ ಊಟ ಬಿಟ್ಟು, ಕುಡಿದ ನೀರನ್ನೂ ಕಕ್ಕುತ್ತಿದ್ದರೆ ಅಂಗಳದ ಗೊರಟೆ ನೆನಪಿಸಿಕೊಳ್ಳಿ. ತಿಂದ ಗೊರಟೆಗಳನ್ನು ಮುಚ್ಚಳವಿರುವ ಬಕೆಟ್ಟಿಗೇ ಹಾಕಿ. ಹಲಸಿನ ತೊಳೆ ಹೆಚ್ಚಾದರೆ ಹೊಟ್ಟೆ ಉಬ್ಬರ. ಹಪ್ಪಳ ಮಾಡುವ ದಿನ ಮೈಗೆ ಮೇಣ ಅಂಟಿದರೆ ತೆಂಗಿನೆಣ್ಣೆ ತಿಕ್ಕಿ. ಗೇರುಬೀಜ ಸುಡುವ ಜಾಗದ ಹತ್ತಿರ ಮಕ್ಕಳನ್ನೂ ನಾಯಿಯನ್ನೂ ಬಿಡಬೇಡಿ, ಅದರ ಎಣ್ಣೆ ಚರ್ಮ ಬೇಯಿಸುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟು ನಾಯಿಗೆ ವಿಷ.

ಉಣುಗಿನ ಕಾಟ ಹೆಚ್ಚಿದೆ. ಮಂಗನ ಕಾಯಿಲೆಯ ಭಯವೂ ಇದೆ.

ಎರಡೂ ಬೇರೆ ಬೇರೆ. ನಾಯಿಯ ಮೈಮೇಲಿನ ಕಂದು ಉಣುಗು ಮನೆಯಲ್ಲೇ ಸಂಸಾರ ಹೂಡುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಕೆಳಗುದುರಿ ಗೋಡೆಯ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಗೋಡೆ ಬಿಟ್ಟರೆ ಮೂರು ವಾರಕ್ಕೆ ಮತ್ತೆ ಶುರುವಾಗುವುದು ಅದಕ್ಕೇ. ನಾಯಿ ಮಲಗುವ ಗೋಣಿ ಕುದಿನೀರಿಗೆ ಹಾಕಿ, ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ಕಚ್ಚಿಕೊಂಡದ್ದನ್ನು ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಬಿಡುವುದು, ಬೆಂಕಿಕಡ್ಡಿ ತಾಗಿಸುವುದು, ಉಗುರಿನಲ್ಲಿ ಹಿಸುಕುವುದು ಬೇಡ. ಮುಖ್ಯ ಎಚ್ಚರಿಕೆ ಒಂದಿದೆ: ಪರ್ಮೆಥ್ರಿನ್ ಇರುವ ನಾಯಿಯ ಔಷಧಿ ಬೆಕ್ಕಿಗೆ ತಾಗಿದರೂ ಅದು ನಡುಗಿ ಸಾಯಬಹುದು. ನಾಯಿ, ಬೆಕ್ಕು ಒಟ್ಟಿಗೆ ಮಲಗುವ ಮನೆಯಲ್ಲಿ ವೈದ್ಯರಿಗೆ ಅದನ್ನು ಮೊದಲೇ ಹೇಳಿ.

ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಸಿದ್ದಾಪುರದ ಕಡೆ ಇಂದಿಗೂ ಕಾಡುತ್ತಿದೆ. ಕಾಡಿನ ಸಣ್ಣ ಉಣುಗುಗಳು ಅದನ್ನು ಹರಡುತ್ತವೆ, ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಅಜ್ಜನಮನೆ ಅತ್ತ ಇದ್ದರೆ ಬೆಟ್ಟಕ್ಕೆ ಹೋಗುವ ಮುನ್ನ ಉಣುಗು ಕಚ್ಚದಂತೆ ಆರೋಗ್ಯ ಕೇಂದ್ರದವರು ಕೊಡುವ ಡೀಪಾ ಎಣ್ಣೆ ಹಚ್ಚಿ, ಮೈಮುಚ್ಚುವ ಬಟ್ಟೆ ತೊಡಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಸೊಪ್ಪು, ದರಕು (ಒಣ ಎಲೆ) ತರಲು ಹೋದವರ ಜೊತೆ ನಾಯಿ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಮರಳಿದ ವಾರದಲ್ಲಿ ದಿಢೀರ್ ಜ್ವರ, ತಲೆನೋವು, ಮೈಕೈನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.

ಮಳೆಗೆ ಮುಂಚೆ ಯಾವ ಲಸಿಕೆ?

ಹುಚ್ಚುನಾಯಿ ರೋಗದ್ದು ವರ್ಷಕ್ಕೊಮ್ಮೆ, ಮರಿಗೆ 3 ತಿಂಗಳಿಗೆ ಮೊದಲನೆಯದು. ಜೊತೆಗೆ ಇಲಿಜ್ವರವೂ ಸೇರಿದ ಬಹುರೋಗ ಲಸಿಕೆ. ಗದ್ದೆ, ಹೊಳೆ ನೀರಿನಲ್ಲಿ ಇಲಿಯ ಮೂತ್ರ ಬೆರೆಯುವುದು ಮಳೆಗಾಲದಲ್ಲಿ. ಮೊದಲ ಸಲವಾದರೆ 2ರಿಂದ 4 ವಾರದ ಅಂತರದಲ್ಲಿ ಎರಡು ಸಲ ಕೊಡಬೇಕು, ಆದ್ದರಿಂದ ಮೇ ಮೊದಲ ವಾರವೇ ಶುರುಮಾಡಿ.

ಜಾತ್ರೆಯಲ್ಲೋ ಅಜ್ಜನಮನೆಯಲ್ಲೋ ನಾಯಿ ಕಚ್ಚಿದರೆ?

ಹರಿಯುವ ನೀರು, ಸಾಬೂನು, ಗಡಿಯಾರ ನೋಡಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಹಾಕಬೇಡಿ, ಕಟ್ಟಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನಗಳಂದು. ರಕ್ತ ಬಂದ ಗಾಯಕ್ಕೆ ಗಾಯದ ಸುತ್ತ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಬೇಕು. ನಮ್ಮದೇ ನಾಯಿ, ಲಸಿಕೆ ಆಗಿದೆ ಎಂದು ಸುಮ್ಮನಿರಬೇಡಿ. ಊರಿಗೆ ಮರಳಿದ ಮೇಲೆ ಉಳಿದ ಡೋಸುಗಳನ್ನು ಅಲ್ಲಿನ ಆಸ್ಪತ್ರೆಯಲ್ಲೇ ಪಡೆಯಬಹುದು, ಚೀಟಿ ಜೋಪಾನ.

ಮೊದಲ ಗುಡುಗಿಗೇ ನಾಯಿ ನಡುಗುತ್ತದೆ.

ಸರಪಣಿ ಬಿಚ್ಚಿ ಒಳಗೆ ತನ್ನಿ. ಬೆದರಿದ ನಾಯಿ ಕಟ್ಟೆ ಹಾರಿ ಸರಪಣಿಗೇ ನೇತುಬಿದ್ದು ಸಾಯುವುದುಂಟು. ಕಿಟಕಿ ಕಡಿಮೆ ಇರುವ ನಡುಮನೆಯಲ್ಲೋ ಮಂಚದ ಕೆಳಗೋ ಜಾಗ ಕೊಡಿ, ಫ್ಯಾನ್ ಹಾಕಿ, ರೇಡಿಯೋ ಹಚ್ಚಿ. ಹತ್ತಿರ ಕೂತು ಮೈ ಸವರಿದರೆ ಭಯ ಹೆಚ್ಚುತ್ತದೆ ಎಂಬುದು ತಪ್ಪು ತಿಳುವಳಿಕೆ. ಧಾರಾಳವಾಗಿ ಸವರಿ. ಮೊದಲ ಮಳೆಗೆ ಹೊರಬರುವ ಗೋಂಕುರು ಕಪ್ಪೆಯನ್ನು ಕಚ್ಚಿ ಬಾಯಿ ತುಂಬ ನೊರೆ ಸುರಿಸಿದರೆ ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಹಲವು ಸಲ ಒರೆಸಿ. ನೊರೆ ನಿಲ್ಲದಿದ್ದರೆ ವೈದ್ಯರಲ್ಲಿಗೆ ಒಯ್ಯಿರಿ.

ಶಾಲೆ ಶುರುವಾದ ಮೇಲೆ ನಾಯಿ ಬಾಗಿಲ ಬಳಿ ಕೂತು ಅಳುತ್ತದೆ. ಏನು ಮಾಡಲಿ?

ಒಂದೂವರೆ ತಿಂಗಳು ದಿನವಿಡೀ ಮಕ್ಕಳ ಜೊತೆ ಇದ್ದ ನಾಯಿಗೆ ಜೂನ್ ಮೊದಲ ವಾರದ ಖಾಲಿ ಮನೆ ನಿಜವಾದ ದುಃಖ. ಶಾಲೆಗೆ ಹತ್ತು ದಿನ ಮುಂಚೆಯೇ ಅಭ್ಯಾಸ ಮಾಡಿಸಿ. ಮೊದಲ ಎರಡು ದಿನ 10 ನಿಮಿಷ, ಆಮೇಲೆ ಅರ್ಧ ಗಂಟೆ, ಕೊನೆಗೆ ಎರಡು ಗಂಟೆ ಎಲ್ಲರೂ ಹೊರಗೆ ಹೋಗಿ ಬನ್ನಿ. ಹೋಗುವಾಗಲೂ ಬರುವಾಗಲೂ ಗದ್ದಲ ಬೇಡ. ಬೆಳಿಗ್ಗೆ ಶಾಲೆಯ ವ್ಯಾನು ಬರುವ ಮುನ್ನ 20 ನಿಮಿಷ ತಿರುಗಾಡಿಸಿ, ತೆಂಗಿನ ಕರಟದಲ್ಲಿ ಅನ್ನ–ಮೊಸರು ಮೆತ್ತಿ ಕೊಡಿ, ನೆಕ್ಕುತ್ತ ಅರ್ಧ ಗಂಟೆ ಕಳೆಯುತ್ತದೆ. ಕರಟದ ಚೂಪು ಅಂಚನ್ನು ಮೊದಲು ಕಲ್ಲಿಗೆ ಉಜ್ಜಿ ನಯ ಮಾಡಿರಬೇಕು. ಕರಟವನ್ನೇ ಕಡಿದು ನುಂಗುವ ನಾಯಿಯಾದರೆ ಅದರ ಬದಲು ಅಗಲ ಸ್ಟೀಲ್ ತಟ್ಟೆಗೆ ತೆಳ್ಳಗೆ ಸವರಿ ಕೊಡಿ. ಸಂಜೆ ಮಕ್ಕಳು ಬಂದ ಮೇಲೆ ಮೊದಲ ಹತ್ತು ನಿಮಿಷ ಅದರದೇ.